ಸೋಮವಾರ ನಾನು ಓಡಲ್ಲ

ಇವತ್ತು ಸೋಮವಾರ. ಅಭ್ಯಾಸಬಲ, ಐದಕ್ಕೇ ಎಚ್ಚರ ಆಯ್ತು, ಕಿಟಕಿ ತೆಗೆದ್ರೆ ರಾತ್ರಿ ಮಳೆ ಬಂದು ನಿಂತಿದೆ, ತಣ್ಣಗೆ ಗಾಳಿ, ರಸ್ತೇಲಿ ಒಂದು ಗಾಡಿ ಇಲ್ಲ, ಓಡೋಕೆ ಇದಕ್ಕಿಂತ ಒಳ್ಳೆ ಬೆಳಗ್ಗೆ ಬೆಂಗಳೂರಲ್ಲಿ ಸಿಗುತ್ತಾ ಹೇಳಿ. ಶೂ ಬಾಗಿಲ ಹತ್ರಾನೇ ಇದೆ. ಆದ್ರೂ ಹೋಗಲಿಲ್ಲ, ಕಾಫಿ ಮಾಡ್ಕೊಂಡು ಕೂತು ಇದನ್ನ ಟೈಪ್ ಮಾಡ್ತಿದೀನಿ.

ವಿಷಯ ಏನಂದ್ರೆ ನಮ್ಮ ರನ್ನಿಂಗ್ ಗ್ರೂಪಿಗೆ ಹೊಸದಾಗಿ ಸೇರಿರೋ ಹುಡುಗ ಒಬ್ಬ ನಿನ್ನೆ ಕೇಳಿದ, "ಸರ್ ಒಂದು ದಿನಾನೂ ಬಿಡದೆ ಓಡ್ತಿದೀನಿ, ಎರಡು ತಿಂಗಳಿಂದ ಟೈಮ್ ಒಂದು ಸೆಕೆಂಡೂ ಕಮ್ಮಿ ಆಗಿಲ್ಲ, ಇನ್ನೂ ಎಷ್ಟು ಜಾಸ್ತಿ ಮಾಡ್ಬೇಕು?" ಅಂತ. ವಾಟ್ಸಾಪಲ್ಲೇ ಉತ್ತರ ಬರೆಯೋಕೆ ಹೊರಟೆ, ಎರಡು ಸ್ಕ್ರೀನ್ ಆದ್ರೂ ಮುಗೀಲಿಲ್ಲ, ಅಲ್ಲದೆ ಆ ಹುಡುಗನ ಮಾತಲ್ಲಿ ನನಗೆ ಕಂಡಿದ್ದು 2023ರ ನಾನೇ, ಅದಕ್ಕೆ ಇಲ್ಲೇ ಬರೀತಿದೀನಿ.

ಆವಾಗ ನನಗೆ 39. ಹಾಫ್ ಮ್ಯಾರಥಾನ್ 1 ಗಂಟೆ 54 ನಿಮಿಷಕ್ಕೆ ಮುಗಿಸಿದ್ದೆ, ಅದರ ಖುಷೀಲಿ ಜನವರಿಯ ಮುಂಬೈ ಮ್ಯಾರಥಾನಿಗೆ ಹೆಸರು ಕೊಟ್ಟೆ, ಗುರಿ ನಾಲ್ಕು ಗಂಟೆ ಒಳಗೆ. ನಾಲ್ಕು ಗಂಟೆ ಅಂದ್ರೆ ಕಿಲೋಮೀಟರಿಗೆ 5 ನಿಮಿಷ 41 ಸೆಕೆಂಡು, ನಲವತ್ತೆರಡು ಕಿಲೋಮೀಟರ್ ಉದ್ದಕ್ಕೂ. ಲೆಕ್ಕದಲ್ಲಿ ಆಗೋ ಮಾತೇ. ವಾರಕ್ಕೆ 35 ಕಿಲೋಮೀಟರ್ ಓಡ್ತಿದ್ದೋನು ದಸರಾ ಕಳೆದು ಎರಡು ತಿಂಗಳಲ್ಲಿ 70ಕ್ಕೆ ಬಂದೆ. ಮಂಗಳವಾರ ಇಂಟರ್ವಲ್ (ಸ್ವಲ್ಪ ದೂರ ಜೋರಾಗಿ, ನಡುವೆ ಸುಧಾರಿಸ್ಕೊಂಡು, ಮತ್ತೆ ಜೋರಾಗಿ), ಗುರುವಾರ ಟೆಂಪೋ (ನಿಲ್ಲಿಸದೆ ಒಂದೇ ಸಮ ಜೋರು ಓಟ), ಭಾನುವಾರ ಕಬ್ಬನ್ ಪಾರ್ಕಲ್ಲಿ ಕತ್ತಲಿರುವಾಗ್ಲೇ ಶುರು ಮಾಡಿ 28, 30. ಉಳಿದ ದಿನ "ಈಜಿ". ಈ ಈಜಿ ಅನ್ನೋ ಪದಕ್ಕೆ ಕೊಟೇಶನ್ ಯಾಕೆ ಹಾಕಿದೆ ಅಂತ ಆಮೇಲೆ ಹೇಳ್ತೀನಿ. ಇದರ ಜೊತೆ ನೂರು ದಿನ ಬಿಡದೆ ಓಡೋ ಚಾಲೆಂಜ್ ಬೇರೆ, ಒಂದು ದಿನ ತಪ್ಪಿದ್ರೆ ಮತ್ತೆ ಒಂದರಿಂದ ಎಣಿಸ್ಬೇಕು. ಜ್ವರ ಬಂದ ದಿನ ಡೋಲೋ ನುಂಗಿ ಮನೆ ಟೆರೇಸ್ ಮೇಲೆ ರೌಂಡ್ ಹೊಡೆದು ಎರಡು ಕಿಲೋಮೀಟರ್ ಮುಗಿಸಿದೋನು ನಾನು. ಈಗ ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ, ಆವತ್ತು ಸ್ಟೇಟಸ್ ಹಾಕಿದ್ದೆ.

ಮೊದಲ ಒಂದು ತಿಂಗಳು ಸಖತ್ತಾಗಿತ್ತು, ಹೋದಲ್ಲೆಲ್ಲಾ ಪರ್ಸನಲ್ ಬೆಸ್ಟ್. ಮೋಸ ಆಗೋದೇ ಅಲ್ಲಿ. ನವೆಂಬರ್ ಮಧ್ಯದಿಂದ ಸಣ್ಣಸಣ್ಣದಾಗಿ ಶುರುವಾಯ್ತು, ರಾತ್ರಿ ಮೂರು ಗಂಟೆಗೆ ಎಚ್ಚರ ಆಗೋದು, ಮತ್ತೆ ನಿದ್ದೆ ಬರದೆ ಹೊರಳಾಡೋದು, ಬೆಳಗ್ಗೆ ಹಾಸಿಗೇಲಿ ಮಲಗಿದ್ದಾಗ್ಲೇ ಎದೆಬಡಿತ 54 ಇರ್ತಿದ್ದಿದ್ದು 62ಕ್ಕೆ ಹತ್ತಿತ್ತು. ಇಂಟರ್ವಲ್ ಓಡೋವಾಗ ಮಾತ್ರ ಉಲ್ಟಾ, ಎಷ್ಟು ಒದ್ದಾಡಿದ್ರೂ ಹಾರ್ಟ್ ರೇಟ್ ಮೇಲೇ ಏರಲ್ಲ, ಕಾಲು ಮರದ ಕೊರಡು, ಟೈಮು ಹೋದ ತಿಂಗಳಿಗಿಂತ ನಿಧಾನ. ಅದನ್ನ ನೋಡಿ "ಆಹಾ ಹಾರ್ಟ್ ಎಷ್ಟು ಗಟ್ಟಿಯಾಗಿದೆ" ಅಂತ ಖುಷಿ ಪಟ್ಟಿದ್ದೆ, ಎಂಥಾ ಪೆದ್ದ ನೋಡಿ! ಜೋರು ಓಟದಲ್ಲಿ ಎದೆಬಡಿತ ಏರದೇ ಇರೋದೂ ದಣಿವಿನ ಲಕ್ಷಣ ಅಂತ ಆವಾಗ ಯಾರು ಹೇಳ್ಬೇಕು. ಮನೇಲಿ ಮಗಳು ಪೆನ್ಸಿಲ್ ಬೀಳಿಸಿದ್ರೂ ರೇಗ್ತಿದ್ದೆ. ಒಂದಿನ ಹೆಂಡತಿ ಸಾರಿಗೆ ಒಗ್ಗರಣೆ ಹಾಕ್ತಾ ತಿರುಗೀನೂ ನೋಡದೆ ಅಂದ್ಲು, "ರೀ, ಓಡಿ ಬಂದೋರ ಮುಖ ಫ್ರೆಶ್ ಆಗಿರುತ್ತೆ ಅಂತಾರೆ, ನಿಮ್ಮದು ಯಾಕೆ ಸಾಲ ವಸೂಲಿಗೆ ಹೋಗಿ ಬಂದಂಗಿರುತ್ತೆ?"

ಉತ್ತರ ಕೊಡ್ಲಿಲ್ಲ. ಮಾರನೇ ದಿನ ಇನ್ನೂ ಎರಡು ಕಿಲೋಮೀಟರ್ ಜಾಸ್ತಿ ಓಡಿದೆ.

ಡಿಸೆಂಬರ್ ಎರಡನೇ ವಾರ ಎಡಗಾಲಿನ ಮುಂದಿನ ಮೂಳೆ, ಮಂಡಿ ಕೆಳಗೆ ಒಂದು ಗೇಣು, ಅಲ್ಲಿ ನೋವು. ಮೊದಲು ಓಟದ ಶುರೂಲಿ ಬಂದು ಹೋಗೋದು, ಆಮೇಲೆ ಓಟ ಪೂರ್ತಿ, ಆಮೇಲೆ ಮೆಟ್ಟಿಲು ಇಳಿಯೋವಾಗ್ಲೂ. ಮೀನಖಂಡ ಹಿಡ್ಕೊಂಡ ನೋವು ಅಗಲವಾಗಿರುತ್ತೆ, ಇದು ಹಂಗಲ್ಲ, ಒಂದು ಬೆರಳಿಟ್ಟು "ಇಲ್ಲೇ" ಅಂತ ತೋರಿಸಬಹುದು, ಅದೇ ಕೆಟ್ಟ ಸುದ್ದಿ. ಎಂಆರ್‌ಐ ಆಯ್ತು. ಡಾಕ್ಟರು ಸ್ಕ್ರೀನ್ ತೋರಿಸಿ "ಸ್ಟ್ರೆಸ್ ರಿಯಾಕ್ಷನ್, ಇನ್ನೂ ಬಿರುಕು ಬಿಟ್ಟಿಲ್ಲ, ಆದ್ರೆ ನೀವು ಮುಂಬೈಗೆ ಹೋದ್ರೆ ಬಿಡುತ್ತೆ" ಅಂದ್ರು. ಆರು ವಾರ ಓಟ ಬಂದ್. ರೇಸ್ ಇದ್ದಿದ್ದು 2024ರ ಜನವರಿ 21, ಆವತ್ತು ನಾನು ಮನೇಲಿ ಕಾಲು ಚಾಚ್ಕೊಂಡು ಫೋನಲ್ಲಿ ಸ್ನೇಹಿತರ ಬಿಬ್ ನಂಬರ್ (ಓಟಗಾರರು ಎದೆ ಮೇಲೆ ಹಾಕ್ಕೊಳ್ಳೋ ನಂಬರ್) ಟ್ರ್ಯಾಕ್ ಮಾಡ್ತಿದ್ದೆ.

ಡಾಕ್ಟರು ಮೂಳೆ ಬಗ್ಗೆ ಹೇಳಿದ ಒಂದು ವಿಷಯ ಮಾತ್ರ ತಲೇಲಿ ಕೂತ್ಬಿಡ್ತು. ಮೂಳೆ ಅಂದ್ರೆ ಸತ್ತ ಕಲ್ಲಲ್ಲ, ಓಡಿದಾಗ ಬೀಳೋ ಪೆಟ್ಟಿಗೆ ಅದು ತನ್ನನ್ನೇ ರಿಪೇರಿ ಮಾಡ್ಕೊಳ್ಳುತ್ತೆ, ಆದ್ರೆ ರಿಪೇರಿ ಶುರುವಾಗೋದು ಕೆಡವೋದ್ರಿಂದ. ಹಳೇ ಮೂಳೇನ ತಿಂದು ತೆಗೆಯೋ ಜೀವಕೋಶಗಳು ಮೊದಲು ಬರ್ತವೆ, ಅವು ಕೆಲವು ವಾರದಲ್ಲಿ ಕೆಲಸ ಮುಗಿಸ್ತವೆ, ಹೊಸ ಮೂಳೆ ಕಟ್ಟೋರು ಹಿಂದೆ ಬರ್ತಾರೆ, ಅವರಿಗೆ ತಿಂಗಳುಗಟ್ಟಲೆ ಬೇಕು. ಮನೆ ರಿನೋವೇಶನ್ ಮಾಡಿಸಿದೋರಿಗೆ ಗೊತ್ತಿರುತ್ತೆ, ಗೋಡೆ ಒಡೆಯೋಕೆ ಒಂದು ದಿನ, ಕಟ್ಟೋ ಮೇಸ್ತ್ರಿ ಬರೋದು ಯಾವಾಗಲೋ. ಆ ನಡುವಿನ ಗ್ಯಾಪಲ್ಲಿ ಮೂಳೆ ಮೊದಲಿಗಿಂತ್ಲೂ ವೀಕ್. ಹೃದಯ, ರಕ್ತ, ಉಸಿರು ಇವೆಲ್ಲಾ ಬೇಗ ಹೊಂದಿಕೊಳ್ತವೆ, ರಕ್ತದ ನೀರಿನಂಶ ಅಂತೂ ಟ್ರೇನಿಂಗ್ ಶುರುವಾದ ಕೆಲವೇ ದಿನದಲ್ಲಿ ಜಾಸ್ತಿ ಆಗುತ್ತೆ, ಅದಕ್ಕೇ ಮೊದಲ ತಿಂಗಳು ಅಷ್ಟು ಹುಮ್ಮಸ್ಸು. ಇಂಜಿನ್ ರೆಡಿ, ಚಾಸಿಸ್ ಇನ್ನೂ ವರ್ಕ್‌ಶಾಪಲ್ಲಿ, ನಾನು ಗಾಡಿ ತಗೊಂಡು ಹೈವೇಗೆ ಹೋಗಿದ್ದೆ.

ಇನ್ನೊಂದು ವಿಷಯ ರಕ್ತ ಪರೀಕ್ಷೇಲಿ ಹೊರಗೆ ಬಂತು, ಫೆರಿಟಿನ್, ಅಂದ್ರೆ ದೇಹದಲ್ಲಿ ಕೂಡಿಟ್ಟ ಕಬ್ಬಿಣದಂಶ ಕಮ್ಮಿ, ವಿಟಮಿನ್ ಡಿ ಕಮ್ಮಿ. ಓಡಿ ಬಂದ ತಕ್ಷಣ ಸ್ನಾನ, ಒಂಬತ್ತಕ್ಕೆ ಆಫೀಸಿನ ದಿನದ ಮೀಟಿಂಗ್, ಸ್ಟಾಂಡಪ್ ಕಾಲ್, ಅದಾದ್ಮೇಲೆ ಇನ್ನೊಂದು ಕಾಲ್, ಬಾಯಿಗೆ ಏನಾದ್ರೂ ಬೀಳ್ತಿದ್ದಿದ್ದೇ ಹನ್ನೊಂದೂವರೆಗೆ. ತೂಕ ಇಳೀತಿದೆ ಅಂತ ಒಳಗೊಳಗೇ ಖುಷಿ ಬೇರೆ. ಮಾಡೋ ಕೆಲಸಕ್ಕೆ ತಕ್ಕಷ್ಟು ತಿನ್ನದೇ ಇದ್ರೆ ದೇಹ ಮೂಳೆ, ಹಾರ್ಮೋನು, ರೋಗನಿರೋಧಕ ಶಕ್ತಿ ಎಲ್ಲದರ ಖರ್ಚನ್ನೂ ಕಟ್ ಮಾಡುತ್ತೆ, ಇದಕ್ಕೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ರೆಡ್-ಎಸ್ ಅಂತ ಹೆಸರೇ ಇಟ್ಟಿದೆ. ಮೊದಲೆಲ್ಲಾ ಹೆಣ್ಣುಮಕ್ಕಳ ಸಮಸ್ಯೆ ಅಂತ ಮಾತ್ರ ನೋಡ್ತಿದ್ರು, ಗಂಡಸರಿಗೂ ಆಗುತ್ತೆ ಅಂತ ಅವಾಗ ಸೇರಿಸಿದ್ರು. ನಾನೇ ಸಾಕ್ಷಿ.

ಕಾಲು ಹಂಗಿರುವಾಗ ಊರಿಗೆ ಹೋದೆ, ತಿಪಟೂರು ಕಡೆ. ಅಪ್ಪಂಗೆ ನಾನು ಯಾಕೆ ದುಡ್ಡು ಕೊಟ್ಟು ಓಡ್ತೀನಿ ಅನ್ನೋದೇ ಇವತ್ತಿಗೂ ಅರ್ಥ ಆಗಿಲ್ಲ. ಜಗಲಿ ಮೇಲೆ ಕೂತು ಕಾಯಿ ಸುಲೀತಾ ಎಲ್ಲಾ ಕೇಳಿಸ್ಕೊಂಡ್ರು, ವಾರಕ್ಕೆ ಎಷ್ಟು, ಯಾವ್ಯಾವ ದಿನ ಅಂತ. ಆಮೇಲೆ ಕೇಳಿದ್ದು ಒಂದೇ, "ಬಿಡುವು ಯಾವತ್ತು?" ಇಲ್ಲ ಅಂದೆ. "ಏನ್ಲಾ, ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡಲ್ಲ ನಾವು. ನೀನೇನು ಎತ್ತಿಗಿಂತ ಕಡೆನಾ?"

ಗೊತ್ತಿಲ್ಲದೋರಿಗೆ ಹೇಳ್ತೀನಿ, ನಮ್ಮ ಕಡೆ ಸೋಮವಾರ ಬಸವಣ್ಣನ ದಿನ, ಎತ್ತು ಹೂಡಲ್ಲ, ಎಷ್ಟೇ ಹದ ಇರ್ಲಿ ಎಷ್ಟೇ ಕೆಲಸ ಬಿದ್ದಿರ್ಲಿ. ಚಿಕ್ಕೋನಿದ್ದಾಗ ಇದನ್ನ ದೇವರ ವಿಷಯ ಅಂತ ಮಾತ್ರ ಅಂದ್ಕೊಂಡಿದ್ದೆ. ಅಪ್ಪ ಆವತ್ತು ಹೋರಿ ಪಳಗಿಸೋದರ ಬಗ್ಗೆನೂ ಹೇಳಿದ್ರು. ಹೊಸ ಹೋರಿಗೆ ಮೊದಲ ದಿನಾನೇ ನೇಗಿಲು ಕಟ್ಟಲ್ವಂತೆ, ಬರೀ ನೊಗ ಇಟ್ಟು ಓಡಾಡಿಸೋದು, ಆಮೇಲೆ ಹಗುರದ್ದು ಏನಾದ್ರೂ ಎಳೆಸೋದು, ಹೆಗಲು ಕೆಂಪಾದ್ರೆ ಬಿಟ್ಬಿಡೋದು. "ಬಿಟ್ಟು ಬಿಟ್ಟು ಕಟ್ಟಿದ್ರೆ ಹೆಗಲ ಚರ್ಮ ಗಟ್ಟಿಯಾಗುತ್ತೆ, ಬಿಡದೆ ಕಟ್ಟಿದ್ರೆ ಹುಣ್ಣಾಗುತ್ತೆ, ಅದೇ ನೊಗ ಅದೇ ಹೆಗಲು" ಅಂದ್ರು. ಎಂಆರ್‌ಐಗೆ ಅಷ್ಟೊಂದು ಸಾವಿರ ಕೊಟ್ಟು ಡಾಕ್ಟರ ಹತ್ರ ಕೇಳಿಸ್ಕೊಂಡ ಪಾಠ ಇಲ್ಲಿ ಜಗಲಿ ಮೇಲೆ ಫ್ರೀಯಾಗಿ ಬಿದ್ದಿತ್ತು.

ಆರು ವಾರ ಸುಮ್ನೆ ಕೂರೋಕಾಗದೆ ಓದೋಕೆ ಶುರು ಮಾಡ್ದೆ. ಅಮೆರಿಕದ ಆರೆಗಾನ್ ಯೂನಿವರ್ಸಿಟೀಲಿ ಬಿಲ್ ಬೋವರ್‌ಮನ್ ಅಂತ ಕೋಚ್ ಇದ್ರು, ನೈಕಿ ಕಂಪನಿ ಶುರು ಮಾಡಿದ ಇಬ್ಬರಲ್ಲಿ ಒಬ್ಬರು. ಒಂದು ದಿನ ಕಷ್ಟ, ಆಮೇಲೆ ಒಂದೋ ಎರಡೋ ದಿನ ಹಗುರ ಅನ್ನೋದನ್ನ ಅಮೆರಿಕದಲ್ಲಿ ಬೇರೂರಿಸಿದ್ದು ಈ ಮನುಷ್ಯ. ಅವರ ಹತ್ರ ಕೆನ್ನಿ ಮೂರ್ ಅಂತ ಹುಡುಗ, ಹಗುರ ದಿನ ಕೊಟ್ರೆ ಕದ್ದು ಎಕ್ಸ್ಟ್ರಾ ಓಡೋ ಜಾತಿ, ನಮ್ಮ ಹಂಗೇ. ಬೋವರ್‌ಮನ್ ಒಂದಿನ ಅವನ ಕತ್ತು ಹಿಡಿದು ಮೂರು ವಾರ ತಾನು ಹೇಳಿದ್ದಕ್ಕಿಂತ ಒಂದು ಹೆಜ್ಜೆ ಜಾಸ್ತಿ ಓಡಕೂಡದು ಅಂತ ಆಣೆ ಮಾಡಿಸ್ಕೊಂಡ್ರಂತೆ, ಹುಡುಗ ಸಿಟ್ಟಲ್ಲೇ ಒಪ್ಪಿದ, ಮೂರು ವಾರ ಆದ್ಮೇಲೆ ಎರಡು ಮೈಲಿ ರೇಸಲ್ಲಿ ತನ್ನ ಹಳೇ ಟೈಮಿಗಿಂತ 20 ಸೆಕೆಂಡಿಗೂ ಮೇಲೆ ಬೇಗ ಬಂದ. ಅದೇ ಮೂರ್ 1972ರ ಮ್ಯೂನಿಕ್ ಒಲಿಂಪಿಕ್ಸ್ ಮ್ಯಾರಥಾನಲ್ಲಿ ನಾಲ್ಕನೇ ಸ್ಥಾನ. ಕತ್ತು ಹಿಡಿಯೋ ಕೋಚ್ ನನಗೆ ಇರ್ಲಿಲ್ಲ, ಹಾಗಾಗಿ ಕಾಲು ಹಿಡ್ಕೊಂಡಿತು.

ಇನ್ನೊಬ್ರು ಸ್ಟೀಫನ್ ಸೈಲರ್, ಅಮೆರಿಕದವರೇ ಆದ್ರೆ ನಾರ್ವೇಲಿ ಸೆಟಲ್ ಆದ ವಿಜ್ಞಾನಿ. ಅಲ್ಲಿಗೆ ಹೋದ ಹೊಸದರಲ್ಲಿ ಕಾಡಿನ ದಾರೀಲಿ ಒಬ್ಬ ಟಾಪ್ ಸ್ಕೀಯಿಂಗ್ ಆಟಗಾರ್ತಿ ಓಡ್ತಾ ಬರೋದನ್ನ ನೋಡಿದ್ರಂತೆ, ಏರು ಬಂತು, ಆಕೆ ಓಡೋದು ನಿಲ್ಸಿ ನಡ್ಕೊಂಡು ಹತ್ತಿದ್ಲು, ಏರು ಮುಗಿದ್ಮೇಲೆ ಮತ್ತೆ ಓಟ. ಅದನ್ನ ನೋಡಿ ಸೈಲರ್‌ಗೆ ತಲೆ ಕೆಟ್ಟೋಯ್ತು, ಇಷ್ಟು ದೊಡ್ಡ ಅಥ್ಲೀಟ್ ಈ ದಿಣ್ಣೆ ಓಡಿ ಹತ್ತೋಕಾಗಲ್ವಾ ಅಂತ. ಆಗಲ್ಲ ಅಂತಲ್ಲ, ಆವತ್ತು ಹಗುರ ದಿನ, ಹಗುರ ಅಂದ್ರೆ ಹಗುರವೇ. ಆಮೇಲೆ ಸೈಲರ್ ದೋಣಿ ಹುಟ್ಟುಹಾಕೋರು, ಸ್ಕೀ ಮಾಡೋರು, ಸೈಕಲಿನೋರು ಇವರದೆಲ್ಲಾ ಟ್ರೇನಿಂಗ್ ಲೆಕ್ಕ ತೆಗೆದು ನೋಡಿದ್ರೆ ಹತ್ತಿರತ್ತಿರ ನೂರಕ್ಕೆ 80 ಸೆಷನ್ ಹಗುರವಾಗೇ ಇರ್ತಿತ್ತು, ಉಳಿದ 20 ಮಾತ್ರ ಜೋರು. 80/20 ಅಂತ ಈಗ ಎಲ್ಲರ ಬಾಯಲ್ಲೂ ಇದೆಯಲ್ಲಾ, ಅದರ ಮೂಲ ಇದೇ. ಕೀನ್ಯಾದ ಮ್ಯಾರಥಾನ್ ಓಟಗಾರ ಕಿಪ್ಚೊಗೆನೇ ತಗೊಳ್ಳಿ, 2022ರ ಬರ್ಲಿನಲ್ಲಿ 2 ಗಂಟೆ 1 ನಿಮಿಷ 9 ಸೆಕೆಂಡು, ಅಂದ್ರೆ ಕಿಲೋಮೀಟರಿಗೆ ಮೂರು ನಿಮಿಷಾನೂ ಇಲ್ಲ, ಆ ಮನುಷ್ಯ ಹಗುರ ದಿನದ ಓಟ ಶುರು ಮಾಡೋ ಸ್ಪೀಡಿಗೆ ನಮ್ಮ ಗ್ರೂಪಿನ ಚುರುಕು ಹುಡುಗ್ರು ಸ್ವಲ್ಪ ದೂರ ಜೊತೆಗೆ ಓಡಬಹುದು.

ಇವಾಗ ಆ ಕೊಟೇಶನ್ ವಿಷಯ. ನನ್ನ ಹಳೇ ರನ್ನುಗಳನ್ನ ಓಟದ ಲೆಕ್ಕ ಇಡೋ ಸ್ಟ್ರಾವಾ ಆ್ಯಪಲ್ಲಿ ತೆಗೆದು ನೋಡ್ದೆ. ಬುಧವಾರದ ಈಜಿ 5:48. ಶುಕ್ರವಾರದ ಈಜಿ 5:44. ಸೋಮವಾರದ್ದು, ರಿಕವರಿ ರನ್ ಅಂತ ಹೆಸರು ಬೇರೆ ಇಟ್ಟಿದ್ದೆ, 5:52. ಅಂದ್ರೆ ಮ್ಯಾರಥಾನ್ ಗುರಿಯ ಸ್ಪೀಡಿಗೆ ಹತ್ತು ಸೆಕೆಂಡು ಆಚೆಈಚೆ, ದಿನಾ! ನನ್ನ ಯೋಗ್ಯತೆಗೆ ಹಗುರ ಅಂದ್ರೆ 6:40, 6:50 ಆಗ್ಬೇಕಿತ್ತು. ಅತ್ಲಾಗೆ ಸುಧಾರಿಸ್ಕೊಳ್ಳೋಕೂ ಬಿಡಲ್ಲ, ಇತ್ಲಾಗೆ ಮಂಗಳವಾರದ ಇಂಟರ್ವಲ್ ಸರಿಯಾಗಿ ಓಡೋಕೂ ಕಾಲಲ್ಲಿ ಜೀವ ಉಳಿಸಲ್ಲ, ಬೇಯದ ಅನ್ನ ಹಂಗೆ. ಹಾಗಾಗಿ ಆ ಹುಡುಗನಿಗೆ ನನ್ನ ಮೊದಲ ಪ್ರಶ್ನೆ ಎಷ್ಟು ಓಡ್ತೀಯ ಅಂತಲ್ಲ, ನಿನ್ನ ಈಜಿ ಎಷ್ಟು ಈಜಿ ಅಂತ.

ಅಳೆಯೋಕೆ ವಾಚೇ ಬೇಕು ಅಂತೇನಿಲ್ಲ. ನಾನು ಮಗ್ಗಿ ಹೇಳ್ತೀನಿ. ನಿಜವಾಗ್ಲೂ, ಓಡ್ತಾ ಓಡ್ತಾ ಹದಿಮೂರರ ಮಗ್ಗಿ ಜೋರಾಗಿ, ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು... ಉಸಿರು ಕಟ್ಟದೆ ಕೊನೆವರೆಗೂ ಹೋದ್ರೆ ಹಗುರ. ಹದಿಮೂರಾರ್ಲ ಹತ್ರ ಏದುಸಿರು ಬಂದ್ರೆ ಸ್ಪೀಡ್ ಜಾಸ್ತಿ. ಕಬ್ಬನ್ ಪಾರ್ಕಲ್ಲಿ ಕೆಲವರು ಒಂಥರಾ ನೋಡ್ತಾರೆ, ನೋಡ್ಲಿ. ಮೊದಮೊದಲು ಈ ಸ್ಪೀಡಲ್ಲಿ ಓಡೋದು ಎಷ್ಟು ಅವಮಾನ ಅಂತೀರಾ, ಮಂಕಿ ಕ್ಯಾಪ್ ಹಾಕಿದ ಅಜ್ಜ ಒಬ್ರು ಬಿರಬಿರನೆ ನಡೀತಾ ಅರ್ಧ ಕಿಲೋಮೀಟರ್ ನನ್ನ ಪಕ್ಕದಲ್ಲೇ ಬಂದು "ಏನಪ್ಪಾ, ಕಾಲು ಉಳುಕಿದೆಯಾ?" ಅಂತ ಪಾಪ ಕಾಳಜಿಯಿಂದ ಕೇಳಿದ್ರು. ಇಲ್ಲ ತಾತ, ಟ್ರೇನಿಂಗ್ ಅಂದೆ. ನಂಬಲಿಲ್ಲ.

ಇಷ್ಟು ಓದಿ ಯಾರಾದ್ರೂ "ಹಾಗಾದ್ರೆ ಆರಾಮಾಗಿರೋದೇ ಗುಟ್ಟು" ಅಂದ್ಕೊಂಡ್ರೆ ಅದೂ ತಪ್ಪು. ಕಷ್ಟದ ದಿನ ಕಷ್ಟವಾಗೇ ಇರ್ಬೇಕು. ಈಗ ಮಂಗಳವಾರ ಒಂದೊಂದು ಕಿಲೋಮೀಟರಿನ ಆರು ರಿಪೀಟ್, ಐದು ನಿಮಿಷದ ಒಳಗೆ, ಕೊನೇದರಲ್ಲಿ ಕಣ್ಣು ಕತ್ತಲೆ ಬರುತ್ತೆ, ಅದು ಓಡೋಕಾಗ್ತಿರೋದೇ ಸೋಮವಾರ ಸುಮ್ನಿದ್ದಿದ್ದಕ್ಕೆ. ಎಳೆಯೋ ದಿನ ನೊಗ ಭಾರ ಇರ್ಬೇಕಲ್ಲಾ, ಸುಮ್ನೆ ಕೊಟ್ಟಿಗೇಲಿ ಕಟ್ಟಿ ಹುಲ್ಲು ಹಾಕಿದ್ರೆ ಎತ್ತು ದಪ್ಪ ಆಗುತ್ತೆ ಅಷ್ಟೆ.

ಮತ್ತೆ ಈ ಮಾರನೇ ದಿನದ ನೋವಿಗೆ "ಲ್ಯಾಕ್ಟಿಕ್ ಆಸಿಡ್ ತುಂಬ್ಕೊಂಡಿದೆ, ಇನ್ನೊಂದು ಸ್ವಲ್ಪ ಓಡಿ ಇಳಿಸ್ಬೇಕು" ಅಂತ ಹೇಳೋರು ಪ್ರತಿ ಗ್ರೂಪಲ್ಲೂ ಒಬ್ರು ಇರ್ತಾರೆ. ಅದು ಓಟ ಮುಗಿದ ಒಂದು ಗಂಟೆ ಸುಮಾರಿಗೆ ರಕ್ತದಿಂದ ಹೋಗಿರುತ್ತೆ ಗುರು. ಎರಡನೇ ದಿನ ಮೆಟ್ಟಿಲು ಇಳಿಯೋವಾಗ ಹುಯ್ ಅನ್ಸೋದು ಸ್ನಾಯುವಿನ ಎಳೆಗಳಲ್ಲಿ ಆಗಿರೋ ಸಣ್ಣಸಣ್ಣ ಗಾಯ ಮತ್ತು ಅದರ ಉರಿಯೂತ, ಅದನ್ನ ಓಡಿ ಇಳಿಸೋಕಾಗಲ್ಲ, ನಿದ್ದೆ ಮಾಡಿ ಇಳಿಸ್ಬೇಕು. ಅದಕ್ಕೆ ಮಸಾಜ್ ಗನ್, ಐಸ್ ಬಾತ್, ಕಂಪ್ರೆಶನ್ ಸಾಕ್ಸ್ ಅಂತ ನಾನೂ ದುಡ್ಡು ಸುರಿದಿದೀನಿ. ಬೈಯಲ್ಲ, ಹಿತ ಅನ್ಸುತ್ತೆ, ಆದ್ರೆ ಐದು ಗಂಟೆ ನಿದ್ದೆ ಮಾಡಿ ಐಸಲ್ಲಿ ಕೂತ್ಕೊಳ್ಳೋದು ಛಾವಣಿ ಸೋರ್ತಿರುವಾಗ ಗೋಡೆಗೆ ಪೇಂಟ್ ಹೊಡೆದಂಗೆ. ಭಾನುವಾರ ಲಾಂಗ್ ರನ್ ಮುಗಿಸಿ ಎಣ್ಣೆ ಹಚ್ಕೊಂಡು ಬಿಸಿನೀರು ಹುಯ್ಕೊಂಡು ಊಟ ಮಾಡಿ ಮಲಗೋದಿದೆಯಲ್ಲಾ, ಅದಕ್ಕೆ ಸಮನಾದ ಗ್ಯಾಡ್ಜೆಟ್ ಇನ್ನೂ ಮಾರ್ಕೆಟಿಗೆ ಬಂದಿಲ್ಲ (ಇದಕ್ಕೆ ವಿಜ್ಞಾನ ಕೇಳ್ಬೇಡಿ).

ಊಟ ಈಗ ಮುಲಾಜಿಲ್ಲ. ಮೊದಲು ತಿಂಡಿ, ಆಮೇಲೆ ಸ್ಟಾಂಡಪ್ ಕಾಲ್, ಕ್ಯಾಮೆರಾ ಆಫ್ ಮಾಡಿ ಚಿತ್ರಾನ್ನ ತಿನ್ನೋದು ನಾನೇ. ದೇಹದಲ್ಲಿ ಸ್ನಾಯು ಮತ್ತು ಲಿವರ್ ಸೇರಿ ಹೆಚ್ಚುಕಮ್ಮಿ ಅರ್ಧ ಕೇಜಿ ಗ್ಲೈಕೋಜೆನ್, ಅಂದ್ರೆ ಕೂಡಿಟ್ಟ ಸಕ್ಕರೆ ಇಂಧನ, ಇಟ್ಕೊಂಡಿರುತ್ತೆ, ಲಾಂಗ್ ರನ್ನಲ್ಲಿ ಅದು ಖಾಲಿ ಆದ್ರೆ ಚೆನ್ನಾಗಿ ಅನ್ನ, ಮುದ್ದೆ ತಿಂದ್ರೂ ಪೂರ್ತಿ ತುಂಬೋಕೆ ಒಂದು ದಿನ ಬೇಕು. ಅದನ್ನ ತುಂಬದೆ ಮಾರನೇ ದಿನ ಮತ್ತೆ ಓಡೋದು ಅಂದ್ರೆ ರಿಸರ್ವಲ್ಲಿರೋ ಬೈಕ್ ತಗೊಂಡು ಮೈಸೂರಿಗೆ ಹೊರಟಂಗೆ.

ನನಗೆ ಕೊನೆಗೆ ಅರ್ಥ ಆಗಿದ್ದು, ಯಾವ ಪ್ಲಾನಲ್ಲೂ ಬರೆದಿರದೇ ಇದ್ದಿದ್ದು ಅಂದ್ರೆ ಆಫೀಸು. 2023ರ ನವೆಂಬರಲ್ಲೇ ನಮ್ಮ ಪ್ರಾಡಕ್ಟಿನ ದೊಡ್ಡ ರಿಲೀಸ್ ಇತ್ತು, ರಾತ್ರಿ ಹನ್ನೊಂದರವರೆಗೆ ಅಮೆರಿಕದೋರ ಜೊತೆ ಕಾಲ್, ಬೆಳಗ್ಗೆ ನಾಲ್ಕೂಮುಕ್ಕಾಲಿಗೆ ಅಲಾರಂ, ಸಂಜೆ ಔಟರ್ ರಿಂಗ್ ರೋಡಲ್ಲಿ ಒಂದೂವರೆ ಗಂಟೆ ಕ್ಲಚ್ ಬ್ರೇಕ್ ಕ್ಲಚ್ ಬ್ರೇಕ್. ಇದ್ಯಾವುದನ್ನೂ ನಾನು ಲೋಡ್ ಅಂತ ಲೆಕ್ಕಕ್ಕೇ ತಗೊಂಡಿರ್ಲಿಲ್ಲ, ಇದರ ಸುಸ್ತು ಬೇರೆ ಅದರ ಸುಸ್ತು ಬೇರೆ ಅಂದ್ಕೊಂಡಿದ್ದೆ. ದೇಹಕ್ಕೆ ಎರಡೂ ಒಂದೇ ಖಾತೆ. ವೃತ್ತಿಪರ ಓಟಗಾರರು ಬೆಳಗ್ಗೆ ಓಡಿ ಮಧ್ಯಾಹ್ನ ಮಲಗ್ತಾರೆ, ನಾವು ಅವರ ಪ್ಲಾನ್ ಡೌನ್‌ಲೋಡ್ ಮಾಡ್ಕೊಂಡು ಮಧ್ಯಾಹ್ನ ಆಫೀಸಿನ ಜೀರಾ ಸಾಫ್ಟ್‌ವೇರಲ್ಲಿ ಕೆಲಸದ ಟಿಕೆಟ್ ಕ್ಲೋಸ್ ಮಾಡ್ತೀವಿ. ಈಗ ರಿಲೀಸ್ ವಾರ ಅಂದ್ರೆ ಇಂಟರ್ವಲ್ ಇಲ್ಲ, ಬರೀ ಹಗುರ. ಮೂರು ವಾರ ಏರಿಸಿ ನಾಲ್ಕನೇ ವಾರ ಮೂರನೇ ಒಂದು ಭಾಗ ಇಳಿಸೋದು. ಬೆಳಗ್ಗೆ ಎದೆಬಡಿತ ಎರಡು ದಿನ ಸತತವಾಗಿ ಆರೇಳು ಜಾಸ್ತಿ ತೋರಿಸಿದ್ರೆ, ಜೊತೆಗೆ ಮಗಳ ಮೇಲೆ ರೇಗಿದ್ರೆ, ಆವತ್ತು ಶೂ ಮುಟ್ಟಲ್ಲ. ಎರಡನೇ ಮೀಟರ್ ಮೊದಲನೇದಕ್ಕಿಂತ ಕರೆಕ್ಟ್.

ಹಾಗಂತ ಇದೆಲ್ಲಾ ಮಾಡಿ ನಾಲ್ಕು ಗಂಟೆ ಮುರಿದೆ ಅಂತ ಹೇಳೋಕೆ ಆಸೆ, ಆದ್ರೆ ಮುರೀಲಿಲ್ಲ. 2025ರ ಜನವರಿ 19ಕ್ಕೆ ಮುಂಬೈಗೆ ಹೋದೆ. ಕೊನೇ ಎರಡು ವಾರ ಕಿಲೋಮೀಟರ್ ಅರ್ಧಕ್ಕೆ ಇಳಿಸಿದ್ದೆ, ಆ ಎರಡು ವಾರ ಮನುಷ್ಯನಿಗೆ ಹುಚ್ಚು ಹಿಡಿಯೋದೊಂದು ಬಾಕಿ, ಇಲ್ಲದ ನೋವೆಲ್ಲಾ ಬರುತ್ತೆ, ಮಂಡಿ ಕಿರ್ ಅನ್ನುತ್ತೆ, ಗಂಟಲು ಕೆರೀತಿದೆ ಅನ್ಸುತ್ತೆ. ಸೀ ಲಿಂಕ್ ಸೇತುವೆ ಮೇಲೆ ಓಡೋವಾಗ ಕಾಲು ಹಗುರ ಹತ್ತಿ, ಹಿಂದಿನ ವರ್ಷ ಇದ್ದ ಕಾಲೇ ಅಲ್ಲ ಇದು. ಆದ್ರೆ ಬೆಂಗಳೂರಿನ ತಂಪಲ್ಲಿ ಬೆಳೆದ ಮೈ, ಬಿಸಿಲೇರ್ತಾ ಆ ಕಡಲ ಕಡೆ ಸೆಖೆಗೆ ಬೆವರು ಆರೋದೇ ಇಲ್ಲ, ಕೊನೇ ಹಂತದ ಪೆಡ್ಡರ್ ರೋಡ್ ಏರಲ್ಲಿ ತೊಡೆ ಹಿಡ್ಕೊಂತು, ನಡ್ಕೊಂಡೇ ಹತ್ತಿದೆ, ನಾರ್ವೆ ಹುಡುಗಿ ನೆನಪಾದ್ಲು. 4 ಗಂಟೆ 6 ನಿಮಿಷ. ಮೆಡಲ್ ಹಾಕ್ಕೊಂಡು ವಡಾಪಾವ್ ತಿಂದೆ, ಮೂಳೆಗಳೆಲ್ಲಾ ಹಾಕಿದ ಜಾಗದಲ್ಲೇ ಇದ್ವು. ಆಮೇಲೆ ಎರಡು ವಾರ ಒಂದು ಹೆಜ್ಜೆ ಓಡಲಿಲ್ಲ, ಮಗಳ ಜೊತೆ ಶಟಲ್ ಆಡ್ದೆ.

ಆ ಆರು ನಿಮಿಷಕ್ಕೆ ಈ ಸಲ ಮತ್ತೆ ಟ್ರೈ. ನಾಳೆ ಆರು ರಿಪೀಟ್ ಇದೆ, ಅದಕ್ಕೇ ಇವತ್ತು ಈ ಒಳ್ಳೆ ಹವಾ ನೋಡ್ಕೊಂಡು ಹೊಟ್ಟೆ ಉರ್ಕೊಂಡು ಕೂತಿದೀನಿ. ಕಾಫಿ ಮುಗೀತು. ಅಪ್ಪಂಗೊಂದು ಫೋನ್ ಮಾಡ್ಬೇಕು, ಸೋಮವಾರ ಆದ್ರೆ ಮನೇಲೇ ಸಿಗ್ತಾರೆ. ಎತ್ತು ಮಾರಿ ನಾಲ್ಕು ವರ್ಷ ಆಯ್ತು, ಈಗ ಇರೋದು ಟಿಲ್ಲರ್. ಸೋಮವಾರ ಅದನ್ನೂ ಶೆಡ್ಡಿಂದ ತೆಗೆಯಲ್ಲ.